ತಾಮ್ರಗ್ರಹದ ಬಾಗಿಲು ಮತ್ತು ಒಂದು ಖಾಲಿ ಕವರು

ಕತೆ ಬರೆಯುವವರ ಬಗ್ಗೆ ಜನರಲ್ಲಿ ಒಂದು ದೊಡ್ಡ ತಪ್ಪು ತಿಳಿವಳಿಕೆ ಇದೆ. ಕತೆಯ ಕೊನೆ ಅವರಿಗೆ ಮೊದಲೇ ಗೊತ್ತಿರುತ್ತದೆ, ಬೇಕೆಂದೇ ನಮ್ಮನ್ನು ಕಾಯಿಸುತ್ತಾರೆ, ಒಳಗೊಳಗೇ ನಗುತ್ತಿರುತ್ತಾರೆ ಎಂದು ಓದುಗರು ನಂಬಿದ್ದಾರೆ. ಉಳಿದ ಲೇಖಕರ ವಿಷಯ ನಾನು ಹೇಳಲಾರೆ. ನನ್ನ ಮಟ್ಟಿಗೆ ಈ ನಂಬಿಕೆಗೆ ಯಾವ ಆಧಾರವೂ ಇಲ್ಲ. ನಾನು ಬರೆದ ಒಂದೇ ಒಂದು ಕಾದಂಬರಿಯ ಕೊನೆಯ ಪುಟದಲ್ಲಿ ಒಂದು ಬಾಗಿಲಿದೆ. ಅದರ ಆಚೆ ಏನಿದೆ ಎಂದು ಆ ಪುಟ ಬರೆಯುವಾಗ ನನಗೆ ಗೊತ್ತಿರಲಿಲ್ಲ, ಪುಸ್ತಕ ಅಚ್ಚಾಗಿ ಬಂದಾಗ ಗೊತ್ತಿರಲಿಲ್ಲ, 'ಬಾಗಿಲಿನ ಆಚೆ ಏನಿದೆ? ಊಹಿಸಿ, ಬಹುಮಾನ ಗೆಲ್ಲಿ' ಎಂದು ಊರಿಡೀ ಚೀಟಿ ಅಂಟಿಸಿದಾಗಲೂ ಗೊತ್ತಿರಲಿಲ್ಲ. ಇಷ್ಟು ದಿನ ಹೊಟ್ಟೆಯಲ್ಲಿಟ್ಟುಕೊಂಡ ಈ ಗುಟ್ಟನ್ನು ಇವತ್ತು ನಿಮ್ಮ ಮುಂದೆ ಬಿಚ್ಚುತ್ತಿದ್ದೇನೆ. ನಗುವುದಾದರೆ ದಯವಿಟ್ಟು ಪೂರ್ತಿ ಕೇಳಿ ಆದ ಮೇಲೆ ನಗಿ.

ನನ್ನದು ಸುಳ್ಯದ ಪೇಟೆಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಜೆರಾಕ್ಸ್ ಎಂದರೆ ಬರೀ ಜೆರಾಕ್ಸ್ ಅಲ್ಲ. ಅರ್ಜಿ ಟೈಪ್ ಮಾಡುವುದು, ಆಧಾರ್ ಕಾರ್ಡಿಗೆ ಲ್ಯಾಮಿನೇಶನ್, ಪಾಸ್‌ಪೋರ್ಟ್ ಅಳತೆಯ ಫೋಟೋ, ಎಲ್ಲವೂ ಉಂಟು. 'ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ' ಎಂದು ದಿನಕ್ಕೆ ಹತ್ತು ಸಲ ಟೈಪ್ ಮಾಡುವವನಿಗೆ ಒಂದಲ್ಲ ಒಂದು ದಿನ ಈ ಭೂಮಿಯನ್ನೇ ಬಿಟ್ಟು ಹೋಗಬೇಕು ಅನ್ನಿಸುವುದು ಸಹಜ. ನಾನು ಹೋದೆ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಅದೇ ಕಂಪ್ಯೂಟರಿನಲ್ಲಿ 'ತಾಮ್ರಗ್ರಹ' ಎಂಬ ವಿಜ್ಞಾನ ಕಾದಂಬರಿ ಬರೆದೆ. ನಲವತ್ತು ಜನರನ್ನು ಹೊತ್ತ ಒಂದು ಆಕಾಶನೌಕೆ ತಲೆಮಾರುಗಳ ಕಾಲ ಪ್ರಯಾಣ ಮಾಡಿ, ತಾಮ್ರದ ಬಣ್ಣದ ಒಂದು ಗ್ರಹದಲ್ಲಿ ಇಳಿಯುತ್ತದೆ. ನೌಕೆಯ ಚಾಲಕಿ ಮಂದಾರ ದಿನಗಟ್ಟಲೆ ನಡೆದರೂ ಒಂದು ಹುಳವೂ ಕಾಣುವುದಿಲ್ಲ. ಕೊನೆಗೆ ಬಟ್ಟಬಯಲಿನ ನಡುವೆ ಒಂದು ಬಾಗಿಲು ಕಾಣುತ್ತದೆ. ಗೋಡೆಯಿಲ್ಲ, ಛಾವಣಿಯಿಲ್ಲ, ಬರೀ ಬಾಗಿಲು. ತಟ್ಟಲೆಂದು ಅವಳು ಕೈ ಎತ್ತುತ್ತಾಳೆ. ಅಲ್ಲಿಗೆ ನನ್ನ ಬುದ್ಧಿಯೂ ಮುಗಿದದ್ದರಿಂದ 'ಮುಂದಿನದು ಎರಡನೇ ಭಾಗದಲ್ಲಿ' ಎಂದು ಹಾಕಿಬಿಟ್ಟೆ.

ಎರಡನೇ ಭಾಗ ಯಾರೂ ಕೇಳಲಿಲ್ಲ, ಏಕೆಂದರೆ ಮೊದಲನೇ ಭಾಗವನ್ನು ಯಾರೂ ಓದಿರಲಿಲ್ಲ. ಅಚ್ಚಾದ ಪುಸ್ತಕಗಳು ಕಟ್ಟುಕಟ್ಟಾಗಿ ನಮ್ಮ ಮನೆಯಲ್ಲೇ ಬಿಡಾರ ಹೂಡಿದವು. ನನ್ನ ಹೆಂಡತಿ ಸುಮಿತ್ರಾ ಮೊದಮೊದಲು ಗೌರವದಿಂದ ಅವುಗಳ ಮೇಲೆ ಬಟ್ಟೆ ಹೊದಿಸಿದಳು. ಆಮೇಲೆ ಬಟ್ಟೆಯ ಮೇಲೆ ಮಿಕ್ಸಿ ಬಂತು. ಆಮೇಲೆ ಇಸ್ತ್ರಿ ಪೆಟ್ಟಿಗೆ ಬಂತು. ಒಂದು ದಿನ ನೆಂಟರೊಬ್ಬರು ಬಂದಾಗ ಕುರ್ಚಿ ಸಾಲದೆ ಎರಡು ಕಟ್ಟು ತಾಮ್ರಗ್ರಹ ಜೋಡಿಸಿ ಅದರ ಮೇಲೆ ಅವರನ್ನು ಕೂರಿಸಿದಳು. ಅವರು ಒಂದು ಗಂಟೆ ನನ್ನ ಸಾಹಿತ್ಯದ ಮೇಲೆ ಕೂತಿದ್ದು, 'ನೀವೆಂತದೋ ಬರೀತೀರಿ ಅಂತ ಕೇಳಿದ್ದೆ, ಪುಸ್ತಕ ಎಲ್ಲಿ ಸಿಗ್ತದೆ?' ಎಂದು ವಿಚಾರಿಸಿ ಹೋದರು.

ಅವತ್ತೇ ನಾನು ಫೋನಿನಲ್ಲಿ ಹುಡುಕಾಡಿ, ದೂರದ ಊರುಗಳ ವಿಜ್ಞಾನ ಕತೆಗಾರರು ಏನು ಮಾಡುತ್ತಾರೆ ಎಂದು ನೋಡಿದೆ. ಅವರು ಗಿವ್‌ಅವೇ ಮಾಡುತ್ತಾರಂತೆ. ಎಂದರೆ ಪುಸ್ತಕವನ್ನು ಪುಕ್ಕಟೆ ಹಂಚುವುದು. ಓದಿದವರಿಗೆ ಒಂದು ಸ್ಪರ್ಧೆ ಇಡುವುದು, ಗೆದ್ದವರಿಗೆ ಬಹುಮಾನ ಕೊಡುವುದು. ಆಗ ಒಬ್ಬರು ಹತ್ತು ಜನರಿಗೆ ಹೇಳಿ, ಹತ್ತು ಜನ ನೂರು ಜನರಿಗೆ ಹೇಳಿ, ಪುಸ್ತಕ ತಾನಾಗಿ ಓಡತೊಡಗುತ್ತದಂತೆ. ನಾನು ಹೇಳಿದ್ದನ್ನೆಲ್ಲ ಸುಮಿತ್ರಾ ಗಮನವಿಟ್ಟು ಕೇಳಿದಳು. "ಓಡುದು ಬೇಡ, ಈ ಕೋಣೆಯಿಂದ ನಡ್ಕೊಂಡು ಹೋದ್ರೂ ಸಾಕು" ಎಂದಳು. ಆದರೂ ತನ್ನ ಹಳೆಯ ಸೀರೆಗಳನ್ನು ಕತ್ತರಿಸಿ ನಲವತ್ತು ಬಟ್ಟೆಚೀಲ ಹೊಲಿದು ಕೊಟ್ಟಳು. ಪುಸ್ತಕವನ್ನು ಹಾಗೇ ಕೈಗೆ ಕೊಟ್ಟರೆ ಜನ ಚುನಾವಣೆಯ ಕರಪತ್ರ ಎಂದು ತಿಳಿಯುತ್ತಾರೆ ಎನ್ನುವುದು ಅವಳ ಅಭಿಪ್ರಾಯವಾಗಿತ್ತು.

ಅಂಗಡಿಗೆ ಬಂದವರಿಗೆಲ್ಲ ಜೆರಾಕ್ಸಿನ ಜೊತೆಗೆ ಒಂದು ಚೀಲ ಕೊಟ್ಟೆ. ಕಡಬದಿಂದ ಬಂದವರು, ಪುತ್ತೂರಿಗೆ ಹೋಗುವವರು, ಐವರ್ನಾಡಿನ ರಬ್ಬರ್ ಬೆಳೆಗಾರರು, ಕೊಲ್ಲಮೊಗ್ರಿನಿಂದ ಎರಡು ಬಸ್ಸು ಬದಲಾಯಿಸಿ ಬಂದ ಹೆಂಗಸರು, ಯಾರನ್ನೂ ಬಿಡಲಿಲ್ಲ. ನಲವತ್ತು ಚೀಲ ಎಂಟೇ ದಿನದಲ್ಲಿ ಖಾಲಿ. ನಾನು ಮನೆಯಲ್ಲಿ ಎದೆ ಉಬ್ಬಿಸಿಕೊಂಡು ಓಡಾಡಿದೆ. ಹದಿನೈದು ದಿನ ಕಳೆಯುವಷ್ಟರಲ್ಲಿ ಚೀಲಗಳು ವಾಪಸು ಬರತೊಡಗಿದವು. ನಮ್ಮ ಕಡೆಯವರಿಗೆ ಪುಕ್ಕಟೆ ಎಂಬ ಮಾತು ಅಷ್ಟು ಸುಲಭಕ್ಕೆ ಅರ್ಥವಾಗುವುದಿಲ್ಲ ಎಂಬುದನ್ನು ನಾನು ಮರೆತಿದ್ದೆ. ಒಬ್ಬರ ಮನೆಯ ಚೀಲ ಇನ್ನೊಬ್ಬರ ಮನೆಗೆ ಹೋದರೆ ಅದು ಹಿಂದೆ ಹೋಗಬೇಕು. ಹೋಗುವಾಗ ಬರಿದಾಗಿ ಹೋಗಬಾರದು. "ಓದಿ ಆಯ್ತು, ತಕೊಳ್ಳಿ" ಎಂದು ಪುಸ್ತಕವನ್ನು ಮೇಜಿನ ಮೇಲಿಡುವರು. ಪುಸ್ತಕದ ಪಕ್ಕದಲ್ಲಿ ಚೀಲದೊಳಗಿಂದ ಪಲ್ಯಕ್ಕೆಂದು ಒಂದು ಜೀಗುಜ್ಜೆ ಇಣುಕುತ್ತಿತ್ತು, ಇಲ್ಲವೇ ಹಲಸಿನ ಹಪ್ಪಳದ ಕಟ್ಟು, ಇಲ್ಲವೇ ಒಂದು ಹಿಡಿ ಬಸಳೆ. "ಇದು ನಿಮಗೇ ಇಟ್ಕೊಳ್ಲಿಕ್ಕೆ ಕೊಟ್ಟದ್ದು" ಎಂದರೆ, "ಎಂತಕ್ಕೆ ಮಾರಾಯ್ರೆ? ಒಮ್ಮೆ ಓದಿ ಆಯ್ತಲ್ಲ, ಇನ್ನೊಬ್ರಿಗೆ ಬೇಕಾಗ್ತದೆ" ಎನ್ನುವರು. ನಲವತ್ತರಲ್ಲಿ ಮೂವತ್ತೊಂದು ಹೀಗೆ ಹಿಂದೆ ಬಂದವು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಸುಮಿತ್ರಾ ನನ್ನ ಸಾಹಿತ್ಯವನ್ನು ಮೆಚ್ಚಿಕೊಂಡಳು. "ಇನ್ನೂ ಸ್ವಲ್ಪ ಬರೀರಿ, ಮಾವಿನಕಾಯಿಯ ಸಮಯ ಬರ್ತಾ ಉಂಟು" ಎಂದಳು.

ಆದರೆ ಒಂದು ಮಾತು ನನಗೆ ನಾಟಿತು. ವಾಪಸು ಬಂದ ಪುಸ್ತಕಗಳನ್ನು ಅವರು ನಿಜವಾಗಿ ಓದಿದ್ದರು. ಅಡಿಗೆರೆ ಹಾಕಿದ್ದರು, ಅಂಚಿನಲ್ಲಿ ಪೆನ್ಸಿಲಿನಿಂದ ಪ್ರಶ್ನೆ ಬರೆದಿದ್ದರು. 'ಎರಡು ಸೂರ್ಯ ಇದ್ದರೆ ಕೃಷಿಗೆ ನೆರಳು ಎಲ್ಲಿಂದ?' ಎಂದು ಒಬ್ಬರು. 'ನೌಕೆಯಲ್ಲಿ ನಲವತ್ತು ಜನ ಇದ್ದಾರೆ, ಅಡುಗೆ ಯಾರು ಮಾಡುತ್ತಾರೆ?' ಎಂದು ಇನ್ನೊಬ್ಬರು. ನಾನು ಇದುವರೆಗೆ ಯೋಚಿಸದ ವಿಷಯಗಳು. ನನ್ನ ಪುಸ್ತಕದ ಒಳಗೆ ನನಗಿಂತ ಹೆಚ್ಚು ಹೊತ್ತು ಈ ಜನ ಓಡಾಡಿ ಬಂದಿದ್ದಾರೆ ಎಂದು ಆಶ್ಚರ್ಯವೂ ಸಣ್ಣ ನಾಚಿಕೆಯೂ ಆಯಿತು. ಸ್ಪರ್ಧೆಯನ್ನು ಕೂಡಲೇ ಘೋಷಿಸಿದೆ. ಬಾಗಿಲಿನ ಆಚೆ ಏನಿದೆ ಎಂದು ಒಂದು ಪುಟದಲ್ಲಿ ಬರೆಯಬೇಕು. ಲೇಖಕರ ಉತ್ತರಕ್ಕೆ ಯಾರದು ಹತ್ತಿರವೋ ಅವರಿಗೆ ಐದು ಲೀಟರಿನ ಕುಕ್ಕರ್ ಬಹುಮಾನ. ಕುಕ್ಕರ್ ಸುಮಿತ್ರಾಳ ಆಯ್ಕೆ. ಬಂದ ಉತ್ತರಗಳಲ್ಲಿ ಒಳ್ಳೆಯದೊಂದನ್ನು ಆರಿಸಿ, 'ಅರೆ, ನಾನೂ ಇದನ್ನೇ ಯೋಚಿಸಿದ್ದೆ' ಎಂದು ಹೇಳಿ, ಎರಡನೇ ಭಾಗವನ್ನು ಅಲ್ಲಿಂದ ಶುರು ಮಾಡುವುದು ನನ್ನ ಒಳಗಿನ ಹಂಚಿಕೆ.

ಈ ಹಂಚಿಕೆಗೆ ಕಲ್ಲು ಹಾಕಿದವನು ಮಂಡೆಕೋಲಿನ ಜೀಪು ಚಾಲಕ ಕುಂಞಿರಾಮ. ಅಂಗಡಿಯಲ್ಲಿ ಐದಾರು ಜನ ಇರುವಾಗಲೇ, "ಸಾರ್, ನಿಮ್ಮ ಉತ್ತರ ಎಂತ ಅಂತ ನಮಗೆ ಹೇಗೆ ಗೊತ್ತಾಗುದು? ನೀವು ಆಮೇಲೆ ನಿಮ್ಮ ಭಾವನಿಗೇ ಕುಕ್ಕರ್ ಕೊಟ್ರೆ?" ಎಂದು ಕೇಳಿದ. ಎಲ್ಲರೂ ನನ್ನ ಮುಖ ನೋಡಿದರು. ಮರ್ಯಾದೆಯ ಪ್ರಶ್ನೆ. "ನನ್ನ ಉತ್ತರ ಬರೆದಾಗಿ ವರ್ಷ ಆಯ್ತು. ಈಗಲೇ ಕವರಿನಲ್ಲಿ ಹಾಕಿ, ಅಂಟಿಸಿ, ನಮ್ಮೂರ ಪಂಚಾಯತ್ ಲೈಬ್ರರಿಯ ಲಲಿತಕ್ಕನ ಹತ್ತಿರ ಇಡ್ತೇನೆ. ಬಹುಮಾನದ ದಿನ ಎಲ್ಲರ ಎದುರು ಒಡೆಯುವ" ಎಂದು ಬಾಯಿಂದ ಬಂದುಬಿಟ್ಟಿತು. ಮನೆಗೆ ಹೋಗಿ ಎರಡು ಗಂಟೆ ಕೂತೆ. ಒಂದು ಅಕ್ಷರವೂ ಹೊಳೆಯಲಿಲ್ಲ. ಕೊನೆಗೆ ಒಂದು ಖಾಲಿ ಎ-ಫೋರ್ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಕವರಿಗೆ ಹಾಕಿ, ಗಮ್ ಇರಲಿಲ್ಲವಾದ್ದರಿಂದ ಮೈದಾ ಕಾಯಿಸಿದ ಅಂಟು ಹಚ್ಚಿ, ಮೇಲೆ 'ಗೌಪ್ಯ' ಎಂದು ಬರೆದೆ. ಒಳಗೆ ಏನಿಲ್ಲದಿದ್ದರೂ ಆ 'ಗೌಪ್ಯ' ಬಹಳ ಅಂದವಾಗಿ ಬಂದಿತ್ತು.

ಲಲಿತಕ್ಕ ನಮ್ಮೂರ ಲೈಬ್ರರಿಯ ಮೇಲ್ವಿಚಾರಕಿ. ಇದು ಅವರ ನಿಜವಾದ ಹೆಸರಲ್ಲ. ನಿಜವಾದ ಹೆಸರು ಹಾಕಬಾರದೆಂದು ಅವರ ಕಟ್ಟಪ್ಪಣೆ. ನನಗಿಂತ ಎರಡು ವರ್ಷಕ್ಕೆ ದೊಡ್ಡವರು, ಆದರೂ ನನ್ನನ್ನು ಗೋಪಾಲಣ್ಣ ಎಂದೇ ಕರೆಯುವುದು. ಮಾತು ಕಡಿಮೆ. ಬಂದವರು ಪತ್ರಿಕೆ ಓದಿ ಮಡಚದೆ ಹೋದರೆ ಮಾತ್ರ ಒಂದು ಸಲ ಕೆಮ್ಮುತ್ತಾರೆ. ನನ್ನ ಕಾದಂಬರಿಯ ಪ್ರತಿ ಲೈಬ್ರರಿಯಲ್ಲಿತ್ತು, ಆದರೆ ಅವರು ಅದನ್ನು ಓದಿದ್ದಾರೋ ಇಲ್ಲವೋ ಎಂದು ನಾನು ಕೇಳಿರಲಿಲ್ಲ. ಓದಿದವರು ಚೆನ್ನಾಗಿಲ್ಲ ಎಂದರೆ ಏನು ಮಾಡುವುದು ಎಂಬ ಹೆದರಿಕೆ. ಕವರು ಕೊಟ್ಟಾಗ ಅದನ್ನು ಬೆಳಕಿಗೂ ಹಿಡಿಯದೆ, ಅಲುಗಾಡಿಸಿಯೂ ನೋಡದೆ, ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದರು.

ಉತ್ತರಗಳು ಬರತೊಡಗಿದವು. ಎಷ್ಟು ಬರಬಹುದು, ಹತ್ತು ಬಂದರೆ ಹೆಚ್ಚು ಎಂದುಕೊಂಡಿದ್ದೆ. ಎಂಬತ್ತು ದಾಟಿದವು. ಹಿಂದೆ ಬಂದ ಪುಸ್ತಕಗಳನ್ನು ಮತ್ತೆ ಹಂಚಿದ್ದೆ, ಒಂದೊಂದೂ ಮೂರು ನಾಲ್ಕು ಕೈ ದಾಟಿತ್ತು. ಕ್ಯಾಲೆಂಡರಿನ ಹಾಳೆಯ ಹಿಂದೆ ಬರೆದವರು, ಮದುವೆ ಕಾಗದದ ಒಳಗೆ ಬರೆದವರು, ನನ್ನದೇ ಅಂಗಡಿಯಲ್ಲಿ ಟೈಪ್ ಮಾಡಿಸಿಕೊಂಡು ನನ್ನ ಕೈಗೇ ಕೊಟ್ಟವರು. ಕೊಲ್ಲಮೊಗ್ರಿನ ಒಬ್ಬರು ಒಂದೇ ಸಾಲು ಬರೆದಿದ್ದರು: 'ಆನೆ. ನಮ್ಮಲ್ಲಿ ಬೆಳಿಗ್ಗೆ ಬಾಗಿಲು ತೆಗೆದರೆ ಇರುವುದು ಅದೇ.' ಹತ್ತು ವರ್ಷದಿಂದ ಜಾಗದ ಕಾಗದಕ್ಕಾಗಿ ಕಚೇರಿಗೆ ಅಲೆಯುತ್ತಿರುವ ಒಬ್ಬ ಹಿರಿಯರು, ಬಾಗಿಲಿನ ಆಚೆ ಒಂದು ಮೇಜು, ಒಂದು ಖಾಲಿ ಕುರ್ಚಿ, ಕುರ್ಚಿಯ ಬೆನ್ನಿಗೆ ಒಂದು ಟವೆಲು ಎಂದು ಬರೆದಿದ್ದರು. ಕುಂಞಿರಾಮ ಬರೆದದ್ದು ಹೀಗಿತ್ತು: 'ಆ ಕಡೆ ಯಾರೋ ಊಟಕ್ಕೆ ಎಲೆ ಹಾಕಿ ಕಾಯುತ್ತಿದ್ದಾರೆ. ಆ ಹೆಂಗಸು ತುಂಬ ದೂರ ಓಡಿಸಿಕೊಂಡು ಬಂದಿದ್ದಾಳೆ, ಹಸಿವು ಇರುತ್ತದೆ.' ಓದುತ್ತ ಓದುತ್ತ ನಾನು ಮಂಕಾದೆ. ಇಷ್ಟು ವರ್ಷ ಇವರ ಆದಾಯ, ಜಾತಿ, ವಿಳಾಸ, ಎಲ್ಲವನ್ನೂ ಟೈಪ್ ಮಾಡಿದ್ದೇನೆ. ಇವರ ತಲೆಯೊಳಗೆ ಇಷ್ಟು ದೊಡ್ಡ ಆಕಾಶ ಇದೆ ಎಂದು ಯಾವ ಅರ್ಜಿಯಲ್ಲೂ ಕಂಡಿರಲಿಲ್ಲ. ಆದರೆ ಒಂದು ತೊಂದರೆ. ಎಲ್ಲವೂ ಚೆಂದ, ಯಾವುದೂ ನನ್ನ ಬಾಗಿಲಿನದ್ದಲ್ಲ. ಗೋಡೆ ಇಲ್ಲದ ಕಡೆ ಬಾಗಿಲು ಯಾಕೆ ಬಂತು ಎಂದು ಯಾರೂ ಹೇಳಿರಲಿಲ್ಲ. ಕಪಾಟಿನಲ್ಲಿದ್ದ ಖಾಲಿ ಹಾಳೆ ಹಾಗೇ ಇತ್ತು.

ಬಹುಮಾನದ ಸಭೆ ಒಂದು ಆದಿತ್ಯವಾರ ಬೆಳಿಗ್ಗೆ ಲೈಬ್ರರಿಯಲ್ಲೇ ಇಟ್ಟೆವು. ಮೂವತ್ತು ಕುರ್ಚಿಗೆ ಐವತ್ತು ಜನ ಬಂದಿದ್ದರು. ಹಾಲಿನ ಸೊಸೈಟಿಯ ಅಧ್ಯಕ್ಷರು ಮುಖ್ಯ ಅತಿಥಿ. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿಕೊಂಡು ಲಲಿತಕ್ಕ. ಎದುರಿನ ಸಾಲಿನಲ್ಲಿ ಸುಮಿತ್ರಾ, ಮಡಿಲಲ್ಲಿ ಕುಕ್ಕರ್. ನಾನು ಮಾತ್ರ ಮೂರು ದಿನದಿಂದ ಸರಿಯಾಗಿ ಉಂಡಿರಲಿಲ್ಲ. ಕವರು ಒಡೆದು ಖಾಲಿ ಹಾಳೆ ಹೊರಬಂದಾಗ ಹೇಳಲೆಂದು ಒಂದು ಭಾಷಣ ತಯಾರು ಮಾಡಿದ್ದೆ. 'ಈ ಬಿಳಿ ಹಾಳೆಯೇ ನನ್ನ ಉತ್ತರ. ವಿಶ್ವ ಎಂದರೆ ಶೂನ್ಯ. ಬಾಗಿಲಿನ ಆಚೆಯೂ ಶೂನ್ಯ, ಈಚೆಯೂ ಶೂನ್ಯ' ಎಂದು ಶುರುವಾಗಿ, ಋಷಿಗಳನ್ನೂ ವಿಜ್ಞಾನಿಗಳನ್ನೂ ಒಂದು ಸುತ್ತು ತಿರುಗಿಸಿ ತರುವ ಭಾಷಣ. ನಮ್ಮ ಜನ ಒಳ್ಳೆಯವರು, ಎದುರು ಏನೂ ಹೇಳುವುದಿಲ್ಲ. ಆದರೆ ನಾಳೆಯಿಂದ ಜೆರಾಕ್ಸ್ ಮಾಡಿಸಲು ಬೇರೆ ಅಂಗಡಿಗೆ ಹೋಗುತ್ತಾರೆ. ಇಲ್ಲವೇ ನನ್ನ ಅಂಗಡಿಗೇ ಬಂದು ಏನೂ ಆಗದವರಂತೆ ನಗುತ್ತಾರೆ, ಅದು ಇನ್ನೂ ಕಷ್ಟ.

ಅಧ್ಯಕ್ಷರು ಕವರು ಒಡೆದು, ಹಾಳೆ ತೆಗೆದು, ಬಿಡಿಸಿ, ಕಿಸೆ ತಡಕಾಡಿದರು. ಕನ್ನಡಕ ಮರೆತಿದ್ದರು. ಇದೇ ಸಮಯ ಎಂದು ನಾನು ಎದ್ದು ನಿಂತು, ಕಣ್ಣು ಅರ್ಧ ಮುಚ್ಚಿ, "ಬಂಧುಗಳೇ, ಶೂನ್ಯ ಎಂದರೆ ಏನು?" ಎಂದು ಆರಂಭಿಸಿದೆ. "ಅದು ಮತ್ತೆ ಹೇಳುವ, ಮೊದಲು ಇದನ್ನು ಓದಿ ಮಾರಾಯ್ರೆ, ಎಂತದೋ ತುಂಬ ಬರ್ದುಂಟು" ಎಂದು ಅಧ್ಯಕ್ಷರು ಹಾಳೆಯನ್ನು ನನ್ನ ಕೈಗೆ ತುರುಕಿದರು. ನೋಡಿದೆ. ನೀಲಿ ಶಾಯಿಯಲ್ಲಿ, ಸಣ್ಣ ದುಂಡು ಅಕ್ಷರದಲ್ಲಿ, ಹಾಳೆಯ ಮುಕ್ಕಾಲು ಭಾಗ ತುಂಬಿತ್ತು. ಹಾಳೆಯನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದೆ. ಐವತ್ತು ಜನ ಕಾಯುತ್ತಿದ್ದರು. ಬೇರೆ ದಾರಿ ಇಲ್ಲದೆ ಓದಿದೆ.

'ಮಂದಾರ ಬಾಗಿಲು ತಟ್ಟಿದಳು. ಯಾರೂ ತೆಗೆಯಲಿಲ್ಲ. ಮೆಲ್ಲನೆ ತಳ್ಳಿದಳು. ಆಚೆಯೂ ಅದೇ ಬಯಲು. ಈ ಗ್ರಹದವರಿಗೆ ಗೋಡೆ ಎಂದರೆ ಗೊತ್ತಿಲ್ಲ. ಅವರಿಗೆ ಇಡೀ ಗ್ರಹವೇ ಮನೆ. ಅವಳು ಇಳಿದ ದಿನದಿಂದಲೂ ಅವರ ಮನೆಯ ಒಳಗೇ ಇದ್ದಳು. ಆದರೆ ನೌಕೆ ದೂರದಿಂದ ಬರುವುದನ್ನು ಅವರು ಎಷ್ಟೋ ತಲೆಮಾರಿನಿಂದ ನೋಡುತ್ತಿದ್ದರು. ಈ ಜನ ಬಾಗಿಲಿನ ಮೂಲಕವೇ ಒಳಗೆ ಹೋಗುತ್ತಾರೆ, ಬಾಗಿಲು ಕಾಣದಿದ್ದರೆ ಹೊರಗೇ ನಿಲ್ಲುತ್ತಾರೆ ಎಂದು ತಿಳಿದುಕೊಂಡಿದ್ದರು. ಬಂದವರಿಗೆ ಸಂಕೋಚ ಆಗಬಾರದು ಎಂದು ಒಂದು ಬಾಗಿಲು ಮಾಡಿ ನಿಲ್ಲಿಸಿದ್ದರು. ಬಾಗಿಲಿನ ಆಚೆ ನೆಲದ ಮೇಲೆ ಒಂದು ಪಾತ್ರೆಯಲ್ಲಿ ನೀರು ಇತ್ತು. ಪಕ್ಕದಲ್ಲಿ ಒಂದು ತುಂಡು ಬೆಲ್ಲ. ಮಂದಾರ ಬೆಲ್ಲವನ್ನು ಬಾಯಿಗೆ ಹಾಕಿದಳು. ಅದು ಬೆಲ್ಲದ ಹಾಗೆ ಇರಲಿಲ್ಲ. ಕಬ್ಬನ್ನು ನೋಡದವರು ಮಾಡಿದ ಬೆಲ್ಲ. ಆದರೆ ಅವರು ಪ್ರಯತ್ನ ಮಾಡಿದ್ದರು.'

ಕೊನೆಯ ಸಾಲನ್ನು ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡೆ. ನಾನು ಆಕಾಶದ ಬಗ್ಗೆ ಇನ್ನೂರ ಹನ್ನೆರಡು ಪುಟ ಬರೆದವನು. ಆಕಾಶ ಎಷ್ಟು ದೊಡ್ಡದು ಎಂದು ಮೈ ಜುಮ್ಮೆಂದದ್ದು ಆ ಒಂದು ತುಂಡು ಬೆಲ್ಲದ ಎದುರಿನಲ್ಲಿ, ಅವತ್ತೇ ಮೊದಲು. ಆಮೇಲೆ ಚಪ್ಪಾಳೆ ಬಿತ್ತು. ಕುಂಞಿರಾಮನ ಊಟದ ಎಲೆಯೇ ಇದಕ್ಕೆ ಹತ್ತಿರ ಎಂದು ಸಭೆಯೇ ತೀರ್ಮಾನಿಸಿತು, ಅವನು ಎರಡೂ ಕೈಯಲ್ಲಿ ಕುಕ್ಕರ್ ತೆಗೆದುಕೊಂಡ. ಹೋಗುವ ಮೊದಲು ಅವನೇ ಕೇಳಿದ, "ಸಾರ್, ಇದು ನಿಮ್ಗೆ ಹೇಗೆ ಹೊಳೆದದ್ದು?" ಸತ್ಯ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಬೇರೆ ಬರುವುದಿಲ್ಲ. ನಾನು ಗಂಟಲು ಸರಿಮಾಡಿಕೊಂಡು, "ಅದು ಅನೇಕ ವರ್ಷಗಳ ಚಿಂತನೆಯ ಫಲ" ಎಂದೆ. ಹಿಂದಿನ ಸಾಲಿನಲ್ಲಿ ಯಾರೋ ಒಂದು ಸಲ ಕೆಮ್ಮಿದರು. ಅವತ್ತು ನನಗೆ ಚಪ್ಪಾಳೆ ತಟ್ಟಿದವರು ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಅದನ್ನು ನನ್ನಿಂದ ಹಿಂದೆ ತೆಗೆದುಕೊಳ್ಳಿ. ಅದು ಲಲಿತಕ್ಕನಿಗೆ ಸೇರಬೇಕಾದದ್ದು.

ಎಲ್ಲರೂ ಹೋದ ಮೇಲೆ ಅವರು ಕುರ್ಚಿ ಮಡಚುತ್ತಿದ್ದರು. ನಾನು ಹತ್ತಿರ ಹೋಗಿ ನಿಂತೆ. "ಮೈದಾದ ಅಂಟು ಅಲ್ವಾ ಗೋಪಾಲಣ್ಣ, ಇರುವೆ ಮುತ್ತಿ ಕವರು ತನ್ನಷ್ಟಕ್ಕೇ ಬಿಟ್ಕೊಂಡಿತು. ಕೊಡವಲಿಕ್ಕೆ ಹಾಳೆ ಹೊರಗೆ ತೆಗ್ದೆ, ನೋಡುವಾಗ ಎಂತದೂ ಇಲ್ಲ" ಎಂದರು. ಫೋನ್ ಮಾಡಬಹುದಿತ್ತಲ್ಲ ಎಂದೆ. "ಮಾಡುವ ಅಂತ ಇದ್ದೆ. ಮತ್ತೆ ನಿಮ್ಗೆ ಬೇಜಾರಾದ್ರೆ ಅಂತ ಬಿಟ್ಟೆ. ಖಾಲಿ ಹಿಂದೆ ಕೊಡ್ಲಿಕ್ಕೂ ಮನಸ್ಸು ಬರ್ಲಿಲ್ಲ." ಇನ್ನೊಂದು ಕುರ್ಚಿ ಮಡಚಿ, "ನಿಮ್ಮ ಪುಸ್ತಕ ನಾನು ನಾಲ್ಕು ಸಲ ಓದಿದ್ದೇನೆ. ಆ ಬಾಗಿಲು ಅಲ್ಲಿ ಎಂತಕ್ಕೆ ಉಂಟು ಅಂತ ತಲೆಯಿಂದ ಹೋಗುದೇ ಇಲ್ಲ" ಎಂದರು. ನಾಲ್ಕು ಸಲ! ನಾನೇ ನನ್ನ ಪುಸ್ತಕವನ್ನು ಪ್ರೂಫ್ ತಿದ್ದುವಾಗ ಒಂದು ಸಲ ಓದಿದ್ದು, ಅದೂ ಅರ್ಧಂಬರ್ಧ. ಎರಡನೇ ಭಾಗ ನಾವಿಬ್ಬರೂ ಸೇರಿ ಬರೆಯುವ, ಮೇಲೆ ಎರಡು ಹೆಸರು ಹಾಕುವ ಎಂದೆ. ಅವರು ಗಾಬರಿಯಾಗಿ ಕೈ ಅಲ್ಲಾಡಿಸಿದರು. "ಬೇಡಪ್ಪ, ಬರೆಯುವವರು ನೀವು. ನಂಗೆ ಓದುವ ಕೆಲಸವೇ ಬೇಕಾದಷ್ಟುಂಟು."

ಮನೆಗೆ ಬಂದು ಕೈಕಾಲು ತೊಳೆದು ಕೂತೆ. ಸುಮಿತ್ರಾ ಅಡುಗೆಮನೆಯಿಂದಲೇ, "ಅದು ನೀವು ಬರ್ದದ್ದಲ್ಲ" ಎಂದಳು. ಅವಳು ಲಲಿತಕ್ಕನ ಜೊತೆ ಮಾತಾಡಿರಲಿಲ್ಲ, ಆ ಹಾಳೆಯನ್ನೂ ನೋಡಿರಲಿಲ್ಲ. ನನ್ನ ಅಭಿಮಾನ ಕೊನೆಯ ಸಲ ತಲೆ ಎತ್ತಿತು. ಅದು ಹೇಗೆ ಹೇಳುತ್ತೀ, ನನಗೆ ಅಷ್ಟು ಬರೆಯಲು ಬರುವುದಿಲ್ಲವೇ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ. ಅವಳು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಬರ್ತದೆ, ಇಲ್ಲ ಅಂತ ಯಾರು ಹೇಳಿದ್ದು? ಆದ್ರೆ ನಿಮ್ಮ ಇಡೀ ಪುಸ್ತಕದಲ್ಲಿ ಯಾರೂ ಯಾರಿಗೂ ಒಂದು ಲೋಟ ನೀರು ಕೊಟ್ಟದ್ದಿಲ್ಲ."

ಅವಳು ಒಳಗೆ ಹೋದ ಮೇಲೆ ಮಿಕ್ಸಿಯನ್ನು ಎತ್ತಿಟ್ಟು, ಕೆಳಗಿನ ಕಟ್ಟಿನಿಂದ ಒಂದು ಪ್ರತಿ ಎಳೆದು, ಮೊದಲ ಪುಟದಿಂದ ಹುಡುಕುತ್ತ ಬಂದೆ. ಕೊಟ್ಟೇ ಇರುತ್ತೇನೆ, ನಲವತ್ತು ಜನ, ಅಷ್ಟು ತಲೆಮಾರು, ಎಲ್ಲಾದರೂ ಒಂದು ಕಡೆ ಕೊಟ್ಟೇ ಇರುತ್ತೇನೆ ಎಂಬ ಧೈರ್ಯ. ನೂರ ನಲವತ್ತನೇ ಪುಟದಲ್ಲಿ ಸಿಕ್ಕಿತು. ಸಾಯುವ ಹಾಗಿರುವ ಒಬ್ಬ ಮುದುಕ ಮಂದಾರಳ ಹತ್ತಿರ ನೀರು ಕೇಳುತ್ತಾನೆ. ಅವಳು ಅವನಿಗೆ ನೌಕೆಯಲ್ಲಿ ನೀರನ್ನು ಶುದ್ಧೀಕರಿಸುವ ಯಂತ್ರದ ಬಗ್ಗೆ ಎರಡೂವರೆ ಪುಟ ವಿವರಿಸುತ್ತಾಳೆ.